ಯಾರ ಮನೆ ಕೂಸು

ಜನವರಿ 7, ಬೆಳಿಗ್ಗೆ 6.20
ದೋಸೆ ಹೊಯ್ಯುತ್ತ ಒಂದು ಅಧ್ಯಾಯ. ಎಂಪಥಿ, ಸಿಂಪಥಿ — ಈವರೆಗೆ ನನಗೆ ಗೊತ್ತಿದ್ದದ್ದು ಹೋಮಿಯೋಪಥಿ. ಕನ್ನಡ ಮಾಧ್ಯಮದ ಬಿ.ಎ., ನಲವತ್ತಾರಕ್ಕೆ ಇಂಗ್ಲಿಷಿನಲ್ಲಿ ಕೌನ್ಸೆಲಿಂಗ್ ಎಂ.ಎ. ದೋಸೆ ಸೀದುಹೋಯಿತು, ಅಧ್ಯಾಯವೂ.
ಶಿರಸಿಯ ಕೌನ್ಸೆಲಿಂಗ್ ಕೇಂದ್ರದಲ್ಲಿ 97 ಗಂಟೆ ತರಬೇತಿ ಮುಗಿದಿದೆ. ಮಾರ್ಚ್ ಒಳಗೆ 120 ಆಗಿ, ಮೇಲ್ವಿಚಾರಕಿ ಕಾವ್ಯಶ್ರೀ ಮೇಡಂ ಸಹಿ ಬಿದ್ದರೆ ಪದವಿ. ಆಮೇಲೆ ನೋಂದಣಿ. ಮೇಡಂಗೆ ಇಪ್ಪತ್ತೊಂಬತ್ತು. ಅವರು ಬಂದರೆ ಎದ್ದು ನಿಲ್ಲುತ್ತೇನೆ, ಮಂಡಿ ಹಿಡಿದುಕೊಂಡು.

ಜನವರಿ 10
ಫೈಲ್ 31. ಇಪ್ಪತ್ನಾಲ್ಕರ ಹುಡುಗಿ. ಕೇಂದ್ರದಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಮದುವೆ ಗೊತ್ತಾಗಿದೆ. ಫೋನ್ ತೋರಿಸಲಿಲ್ಲವೆಂದು ಹುಡುಗ ಕಾರಿನಲ್ಲಿ ಕೆನ್ನೆಗೆ ಹೊಡೆದನಂತೆ. ಎರಡು ಸಲ. ಮನೆಯಲ್ಲಿ ಹೇಳಿಲ್ಲ.
“ಹೇಳಿರೆ ಯಾರೂ ನಂಬ್ತ್ವಿಲ್ಲೆ ಮೇಡಂ.”
ಸುಮ್ಮನೆ ಕೇಳಿದೆ. ಕಿವಿ ಇರಲಿ ತೆರೆದು, ಬಾಯಿ ಇರಲಿ ಹೊಲಿದು — ನನ್ನದೇ ಪ್ರಾಸ, ನೋಟ್‌ಬುಕ್ಕಿನ ರಟ್ಟಿನ ಮೇಲಿದೆ.

ಜನವರಿ 17, ಮಧ್ಯಾಹ್ನ 1.15
ಬಸ್‌ಸ್ಟ್ಯಾಂಡ್.
ಕೇಳಿಬಿಟ್ಟೆ. ಗುರುತಿಲ್ಲದವರು ಎದುರು ಕೂತರೆ ನಾವು ಕೇಳುವ ಮೊದಲ ಪ್ರಶ್ನೆ. ಆ ಕೋಣೆಯಲ್ಲಿ ಕೇಳಲೇಬಾರದ ಪ್ರಶ್ನೆ.
“ತಂಗೀ, ಯಾರ ಮನೆ ಕೂಸು ನೀನು?”
“ಹೆಗ್ಗರಣೆ ಬದಿ. ಎನ್ನ ಹೆಸರು ಅಭಿಜ್ಞಾ.”
ಅಲ್ಲಿಗೆ ನಿಲ್ಲಿಸಬಹುದಿತ್ತು. “ಮದುವೆ ಮಾಡಿ ಕೊಡದು ಯಾರ ಮನೆಗೆ?”
“ಯಲ್ಲಾಪುರ. ಗೋವಿಂದ ಹೆಗಡೇರ ಮನೆ. ಮಾಣಿ ಚಿರಂತನ.”
“ಅಯ್ಯೋ, ಗೋವಿಂದ ಎನ್ನ ಅಣ್ಣ!”
ಅವಳು ಚೀಲ ಎತ್ತಿಕೊಂಡಳು. “ಆನು ಎಂತೂ ಹೇಳಿದ್ನಿಲ್ಲೆ.” ಹೋದಳು.
ಅಣ್ಣನ ಮಗನ ಮದುವೆ ಮಾತುಕತೆಯ ದಿನ ನನಗೆ ಪರೀಕ್ಷೆ. ಹುಡುಗಿಯ ಮುಖ ನೋಡಿರಲಿಲ್ಲ, ಹೆಸರೂ ಕಿವಿಗೆ ಬಿದ್ದಿರಲಿಲ್ಲ. ಚಿರಂತನ... ತೊಟ್ಟಿಲಿಗೆ ಬಗ್ಗಿ ಅವನ ಕಿವಿಯಲ್ಲಿ ಆ ಹೆಸರು ಹೇಳಿದವಳು ನಾನು. ಬೆರಳು ಹಿಡಿಸಿ ನಡೆಸಿದ್ದೆ. ಆ ಕೈ.
ಪ್ರಾಸ ಹೊಳೆಯುತ್ತಿಲ್ಲ.

ಜನವರಿ 18
ಮೇಡಂಗೆ ಎಲ್ಲ ಹೇಳಿದೆ.
“ಅವಳನ್ನ ಇನ್ನು ನೀವು ನೋಡೋ ಹಾಗಿಲ್ಲ. ಬೇರೆಯವರು ನೋಡ್ತಾರೆ.” ಸರಿ. “ನಿಮಗೆ ಸಹಿ ಹಾಕೋ ವಿಷಯ ಕಮಿಟಿ ಮುಂದೆ ಇಡಬೇಕಾಗುತ್ತೆ.” ಅದೂ ಸರಿ. “ಅವಳ ಒಪ್ಪಿಗೆ ಇಲ್ದೆ ನಿಮ್ಮಣ್ಣನಿಗೆ ಒಂದಕ್ಷರ ಹೇಳಿದ್ರೂ ನೋಂದಣಿ ಮರೆತುಬಿಡಿ.”
ಕೇಂದ್ರದಿಂದ ಫೋನ್ ಮಾಡಿಸಿದರು. ಹುಡುಗಿಯದು ಸ್ವಿಚ್ ಆಫ್.

ಫೆಬ್ರವರಿ 6
ಅಣ್ಣನ ಫೋನ್. “ಕೂಸು ಎಂತಕ್ಕೋ ಸಪ್ಪಗಿದ್ದಡ. ನೀ ಇದನ್ನೇ ಓದ್ತಾ ಇದ್ಯಲೆ, ಸ್ವಲ್ಪ ಬುದ್ಧಿ ಹೇಳು. ಭಾನುವಾರ ತಾಯಿ-ಮಗಳನ್ನ ಕರ್ಕಂಡು ಬತ್ತೆ.”
ಹೂಂ ಎಂದೆ. ಬೇಡ ಎನ್ನಲು ಕಾರಣ ಹೇಳಬೇಕಿತ್ತಲ್ಲ.

ಫೆಬ್ರವರಿ 9, ಸಂಜೆ 4.40
ಬಂದರು. ಅವಳು ಕೈ ಮುಗಿದಳು. “ನಮಸ್ಕಾರ ಅತ್ತೆ.”
ಮೇಡಂ ಎಂದಿದ್ದ ಬಾಯಿ.
“ಗುರ್ತ ಇದ್ದನೆ?” ಅಣ್ಣ ಕೇಳಿದ.
“ಇಲ್ಲೆ,” ಎಂದೆ.
ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. “ಎನ್ನಿಂದ ತಪ್ಪಾತು. ಅಣ್ಣಂಗೆ ಎಂತೂ ಹೇಳಿದ್ನಿಲ್ಲೆ. ನೀ ಹೇಳು ಅನ್ನದೆ ಹೇಳ್ತ್ನೂ ಇಲ್ಲೆ.”
ಅವಳು ಹತ್ತಿರ ಬಂದು ಕೂತಳು. “ಅಮ್ಮಂಗೆ ಹೇಳಿದೆ. ನಂಬಿದ್ದಿಲ್ಲೆ. ನಿಂಗ ಹೇಳಿರೆ ಮಾವ ನಂಬ್ತ. ಹೇಳಿ. ಆನೂ ಪಕ್ಕಕ್ಕೆ ಕೂತ್ಕತ್ತೆ.”
ಪೆನ್ನು ಅವಳೇ ಕೇಳಿದಳು. ಇದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಳು — ಹೇಳಲು ನನ್ನ ಒಪ್ಪಿಗೆ ಇದೆ. ಕೆಳಗೆ ಪೂರ್ತಿ ಹೆಸರು.
ನಾನು ಅವಳೊಡನೆ ಕೂತದ್ದೂ ಕಮಿಟಿ ಮುಂದೆ ಹೋಗುತ್ತದೆ. ಹೋಗಲಿ.
ಬಚ್ಚಲಿಗೆ ಹೋಗಿದ್ದಾಳೆ, ಮುಖ ತೊಳೆಯಲು. ಅವಳು ಬರುವವರೆಗೆ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಅಣ್ಣ ಲೋಟ ಕೆಳಗಿಟ್ಟ.
“ಬುದ್ಧಿ ಹೇಳಿ ಆತನೆ, ನೀಲಾ?”
ಅವಳು ಬಂದಳು. ಜಗಲಿಯ ಬಾಗಿಲು ಅವಳೇ ತೆಗೆದಳು.