ಗೋಡೆ ದಾಟಿದ ನೀರು

ಸೇಬಾ ದ್ವೀಪದಿಂದ

ಪ್ರೀತಿಯ ಅಮ್ಮಾ,

ಡೊಮಿನಿಕದಲ್ಲಿ ನಿನ್ನ ಹಿತ್ತಲಲ್ಲೇ ಹೊಳೆ. ಈ ಬೆಂಕಿಬೆಟ್ಟದ ಮೇಲಿನ ನಮ್ಮೂರಲ್ಲಿ ಚಾವಣಿಯಿಂದ ತೊಟ್ಟಿಗೆ ಇಳಿದ ಮಳೆನೀರೇ ಎಲ್ಲಕ್ಕೂ. ಮೊನ್ನೆ ಪಕ್ಕದ ಮನೆಯ ವರ್ನೀಟಾಳ ತೊಟ್ಟಿ ಬಿರುಕುಬಿಟ್ಟು ನೀರೆಲ್ಲ ಸೋರಿಹೋಯಿತು. ಅವಳ ಮೇಕೆ ನಮ್ಮ ತೋಟ ಮೇಯ್ದು ಜಗಳವಾದಾಗಿನಿಂದ ಅವಳಿಗೂ ನಮ್ಮತ್ತೆಗೂ ಮಾತಿಲ್ಲ. ಆದರೂ ಅತ್ತೆ ಗೋಡೆಯ ಮೇಲಿಂದ ತುಂಬಿದ ಕೊಡ ಚಾಚಿದರು.

"ನಿನ್ನ ನೀರು ನಂಗೆ ಬೇಡ," ಎಂದಳು ವರ್ನೀಟಾ.

"ನಂದೆಲ್ಲಿ ಬಂತೇ? ಮಳೇದು. ಹಿಡ್ಕೊ, ಕೈ ನೋಯ್ತಿದೆ!"

ಅವಳು ಅಳುತ್ತಲೇ ಹಿಡಿದಳು. ನಮ್ಮ ತೊಟ್ಟಿಯಲ್ಲೀಗ ಮೊಣಕಾಲುದ್ದ ನೀರಿದೆ. ಎರಡೂ ಮನೆಗೆ ಅದೇ. ನನ್ನ ಕೆಮ್ಮು ವಾಸಿಯಾಗಿದೆ, ಚಿಂತಿಸಬೇಡ. ಮೋಡ ಕವಿಯುತ್ತಿದೆ. ಮಳೆಗೆ ಮೊದಲು ಚಾವಣಿ ಗುಡಿಸಬೇಕೆಂದು ಅತ್ತೆ, ವರ್ನೀಟಾ ಇಬ್ಬರೂ ಒಂದೇ ಏಣಿ ಹಿಡಿದುಕೊಂಡು ನನ್ನನ್ನು ಕೂಗುತ್ತಿದ್ದಾರೆ.

ನಿನ್ನ ಮಗಳು,
ಕ್ಲೆಮಿಯಾ