ಫಕ್ಕೀರಪ್ಪನವರ ಒಳಗಿದ್ದ ಬಲೆ

ಬ್ಯಾಡಗಿ,
ಫೆಬ್ರವರಿ ೩೧, ೨೨೦೯

ನನ್ನ ಮುತ್ತಜ್ಜಿಯ ಮುತ್ತಜ್ಜಿ ದ್ಯಾಮವ್ವನವರಿಗೆ ಕಾಶವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಈಗ ಅಷ್ಟು ದಿನಗಳಿವೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ, ಉಳಿದದ್ದಕ್ಕೆ ನೀವೇ ಕೇಳಬೇಕು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ಒಂದು ಮನೆತನಕ್ಕೆ ಒಂದೇ ಸಲ ಸಿಗುತ್ತದೆ. ನಾನದನ್ನು ನಿಮಗೇ ಬಳಸುತ್ತಿದ್ದೇನೆ.

ನಮ್ಮಲ್ಲಿ ಜರಡಿ ದಿನ ಎಂಬುದಿದೆ. ಜಾಗ ಸಾಲದೆ ಹಳೆಯ ಸಮಾಧಿಗಳನ್ನು ಅಗೆದು, ಮಣ್ಣನ್ನು ಜರಡಿ ಹಿಡಿದು ಹೊಲಗಳಿಗೆ ಹಾಕುತ್ತೇವೆ. ಮಣ್ಣಾಗದೆ ಉಳಿದದ್ದನ್ನು ಮನೆತನದ ಹಿರಿಯ ಹೆಂಗಸು ಬರಿಗೈಯಲ್ಲಿ ಹಿಡಿದು, ಇದು ಇಂಥವರದು ಎಂದು ಎಲ್ಲರೆದುರು ಹೇಳಬೇಕು. ಬೇರೆಯವರಿಗೆ ಉಂಗುರವೋ ಹಲ್ಲೋ ಸಿಗುತ್ತದೆ. ನನಗೆ ನಿಮ್ಮ ಗಂಡ ಫಕ್ಕೀರಪ್ಪನವರ ಸಮಾಧಿಯಿಂದ ಬೋರೆಹಣ್ಣಿನಂತೆ ಮುದುಡಿದ ಪ್ಲಾಸ್ಟಿಕ್ ಬಲೆ ಸಿಕ್ಕಿತು.

ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊತ್ತು ಹೊತ್ತು ಹರ್ನಿಯಾ ಆದಾಗ ಡಾಕ್ಟರರು ಅವರೊಳಗೆ ಇಟ್ಟು ಹೊಲಿದ ಬಲೆ ಅದು. ಇಟ್ಟಾಗ ಅಂಗೈಯಗಲ ಇತ್ತಂತೆ. ದೇಹ ಅದನ್ನು ತನ್ನದೆಂದುಕೊಳ್ಳುವುದಿಲ್ಲ, ಅದರ ಕಣ್ಣುಕಣ್ಣಿನಲ್ಲೂ ಗಾಯದ ಮಾಂಸ ಬೆಳೆಸಿ ಹಿಡಿದಿಡುತ್ತದೆ. ಹೆಚ್ಚಿನವರಿಗೆ ಅದರಿಂದ ಒಳ್ಳೆಯದೇ ಆಗಿ, ಬಲೆ ಇರುವುದನ್ನೇ ಮರೆಯುತ್ತಾರೆ. ಕೆಲವರಲ್ಲಿ ಮಾತ್ರ ಆ ಮಾಂಸ ಬಿಗಿಯುತ್ತಾ ಬಲೆಯನ್ನು ಎಳೆದು ಮಡಚಿ, ಪಕ್ಕದ ನರವನ್ನೂ ಸೇರಿಸಿ ಹಿಡಿಯುತ್ತದೆ. ಜರಡಿ ವೈದ್ಯೆ ಅದನ್ನು ಒಳಗನ್ನಡಿಯಲ್ಲಿ, ಎಂದರೆ ವಸ್ತುವಿನ ಒಳಮೈ ತೋರಿಸುವ ಗಾಜಿನಲ್ಲಿ, ತಿರುಗಿಸಿ ತಿರುಗಿಸಿ ನೋಡಿ, "ಈ ಮನಶ್ಯಾ ಕುಂತ್ರೂ ನಿಂತ್ರೂ ನೋವು ತಿಂದಾನವ್ವ" ಎಂದಳು.

ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದದ್ದೇ ಬೇರೆ. ಆಪರೇಷನ್ ಆಗಿ ವರ್ಷವಾದರೂ ತೊಡೆಸಂದು ಹಿಡಿದು ಕೂರುತ್ತಿದ್ದ ಅವರನ್ನು ತೋರಿಸಿ, ಗಾಯ ಮಾಯ್ದಿದೆಯಲ್ಲ ಎಂದು ನೀವು ಓಣಿಯವರೆದುರು ಅಂದಿರಿ: "ನೋವಿಲ್ಲ ಗೀವಿಲ್ಲ, ಮೈಗಳ್ಳ ಅದಾನ." ಆ ಮಾತು ನಿಮ್ಮ ಮಕ್ಕಳ ಬಾಯಿಗೆ ಬಂತು, ಮೊಮ್ಮಕ್ಕಳ ಬಾಯಿಗೂ ಬಂತು. ಇಂದಿಗೂ ನಮ್ಮಲ್ಲಿ ಯಾರಾದರೂ ಅಯ್ಯೋ ಎಂದರೆ ಸಾಕು, ಫಕ್ಕೀರಪ್ಪ ಬಂದ ನೋಡು ಎಂದು ಮನೆಯೆಲ್ಲ ನಗುತ್ತದೆ.

ನನ್ನ ಮಗಳು ಸಾವಂತ್ರಿಗೂ ಹರ್ನಿಯಾ ಆಗಿತ್ತು. ಆ ನಗುವಿಗೆ ಅಂಜಿ ಅವಳು ಬಾಯಿ ಬಿಡಲಿಲ್ಲ. ಕರುಳು ಸಿಕ್ಕಿಕೊಂಡು ಕೊಳೆತ ಮೇಲೆ ಆಸ್ಪತ್ರೆಗೆ ಹೋದಳು, ಮನೆಗೆ ಬರಲಿಲ್ಲ. ಅದಾದ ಮರುವಾರವೇ ನಮ್ಮ ಜರಡಿ ದಿನ. ಬಲೆಯನ್ನು ಅಂಗೈಯಲ್ಲಿ ಹಿಡಿದು ಫಕ್ಕೀರಪ್ಪನವರದು ಎಂದೆ. ಅಂದು ಯಾರೂ ನಗಲಿಲ್ಲ. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ನೀವಿನ್ನೂ ಆ ಮಾತು ಆಡಿಲ್ಲ. ಈ ಕಾಗದ ನಿಮ್ಮ ಕೈ ಸೇರುವುದು ಆ ದಿನ ಬೆಳಿಗ್ಗೆ. ಅವರು ಕಟ್ಟೆಯ ಮೇಲೆ ಕೂತಿರುತ್ತಾರೆ, ಓಣಿಯವರು ನೋಡುತ್ತಿರುತ್ತಾರೆ. ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಮೇಲಿನ ಗಾಯವನ್ನಲ್ಲ, ಒಳಗಿನ ಬಲೆಯನ್ನು ನೋಡಿ ಎಂದು ಹಟ ಹಿಡಿಯಿರಿ. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು, ಎಲ್ಲಿ ನೋವು ಎಂದು ಕೇಳಿ. ಹಾಗೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನೀವು ಕಲಿತರೆ ನನಗೂ ಬಂದೀತು, ಸಾವಂತ್ರಿ ಬದುಕಿರುವಾಗಲೇ.