ಸಾಕ್ಷಿಯ ಊಟದ ಚೀಟಿ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ
ಆಸ್ಪತ್ರೆಯ ಮೂರನೇ ಮಹಡಿ, ಲಿಫ್ಟಿನ ಪಕ್ಕದ ಬೆಂಚು

ನನ್ನ ಮೆಣಸಿನಕಾಯಿಗೆ,

ನಿನ್ನಕ್ಕನ ಆಶೀರ್ವಾದಗಳು. ಬೇಡವಾದರೆ ವಾಪಸು ಕಳಿಸು, ಅಂಚೆ ಖರ್ಚು ನಿನ್ನದು. ಫೋನು ಮಾಡಿದರೆ ನೀನು ಕತ್ತರಿಸುತ್ತೀಯೆ. ಕಾಗದ ಕತ್ತರಿಸಬೇಕಾದರೆ ಎದ್ದು ಹೋಗಿ ಕತ್ತರಿ ಹುಡುಕಬೇಕು. ಅಷ್ಟರೊಳಗೆ ನಾಲ್ಕು ಸಾಲಾದರೂ ಓದಿರುತ್ತೀಯೆ ಎಂಬ ದುರಾಸೆಯಿಂದ ಬರೆಯುತ್ತಿದ್ದೇನೆ.

ನಿನ್ನ ಸಂದೇಶ ತಲುಪಿತು. ಆಸ್ಪತ್ರೆಯಿಂದ ಬಿಟ್ಟ ದಿನವೇ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೀಯಂತೆ, ಇನ್ನು ಮೇಲೆ ಅವಳು ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲವಂತೆ. ಅಷ್ಟರೊಳಗೆ ನಾನು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಂತೆ: "ಒಂಬೈನೂರು ಜನ ಉಣ್ಣೋ ಜಾಗದಲ್ಲಿ ಅಮ್ಮ ಒಬ್ಬಳೇ ಯಾಕೆ ಉಪವಾಸ ಇದ್ದಳು?" ಪ್ರಶ್ನೆ ಚೆನ್ನಾಗಿದೆ. ಸಮ್ಮೇಳನದಲ್ಲೂ ಮೂರು ದಿನ ಇದನ್ನೇ ಕೇಳಿದರು, ಸ್ವಲ್ಪ ದೊಡ್ಡ ಅಂಕಿಗಳಲ್ಲಿ.

ಮೊದಲಿನಿಂದ ಹೇಳುತ್ತೇನೆ. ಜಾಗತಿಕ ಹಸಿವು ಮತ್ತು ಆಹಾರ ಭದ್ರತೆಯ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನಾನು ತಾತ್ಕಾಲಿಕ ಗುಮಾಸ್ತೆ. ಬಂದವರಿಗೆಲ್ಲ ಕೊರಳಿಗೆ ಹಾಕುವ ಗುರುತಿನ ಚೀಟಿ ಮುದ್ರಿಸಿ ಕೊಡುವುದು ನನ್ನ ಕೆಲಸ. ಅದರ ಕೆಳಗೆ ಹರಿದುಕೊಳ್ಳುವಂಥ ಒಂದು ತುಂಡು ಇರುತ್ತದೆ, ಅದೇ ಊಟದ ಚೀಟಿ. ನಮ್ಮಂಥ ತಾತ್ಕಾಲಿಕರಿಗೆ ಆ ಭಾಗ್ಯವಿಲ್ಲ. ಡಬ್ಬಿ ತಂದುಕೊಂಡು ಮೆಟ್ಟಿಲ ಕೆಳಗೆ ಕೂರಬೇಕು. ಹಸಿವಿನ ಸಮ್ಮೇಳನದಲ್ಲಿ ಶಿಸ್ತು ಮುಖ್ಯ.

ಸಮ್ಮೇಳನದ ಹಿಂದಿನ ವಾರ ನಮ್ಮ ಸಂಚಾಲಕಿ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಭಾಷಣಕಾರರು ಅರವತ್ತು ಜನ ಸಿಕ್ಕಿದ್ದರು, ಹಸಿದವರು ಮಾತ್ರ ಒಬ್ಬರೂ ಸಿಕ್ಕಿರಲಿಲ್ಲ. ಕೊನೆಯ ದಿನ "ಸಾಕ್ಷಿ" ಎಂಬ ಹೆಸರಿನಲ್ಲಿ ಯಾರಾದರೊಬ್ಬರು ಎದ್ದು ನಿಂತು ತಾವು ಹಸಿದ ಕಥೆ ಹೇಳಬೇಕಿತ್ತು. ಪಕ್ಕದ ಮನೆಯವರು ಏಣಿ ಕೇಳಿದರೆ ನಮ್ಮಲ್ಲಿದೆ ತಗೊಳ್ಳಿ ಅನ್ನುತ್ತೇವಲ್ಲ, ಹಾಗೆ ಅಂದುಬಿಟ್ಟೆ: "ನಮ್ಮನೇಲೇ ಒಬ್ಬರಿದ್ದಾರೆ, ಮೇಡಂ."

ಗಿರಣಿ ಮುಚ್ಚಿ, ಅಪ್ಪ ಹೇಳದೆ ಕೇಳದೆ ಹೋದ ಆ ಎರಡು ವರ್ಷ ನಿನಗೆ ನೆನಪಿರಲಾರದು. ನಿನಗೆ ಆಗ ಮೂರು, ನನಗೆ ಒಂಬತ್ತು. ನಮ್ಮಿಬ್ಬರಿಗೂ ಬಡಿಸಿ ಅಮ್ಮ ಗೋಡೆಗೆ ಒರಗಿ ಕೂರುತ್ತಿದ್ದಳು. "ನಿಂದು ಊಟ ಆಯ್ತಾ?" ಎಂದರೆ "ನಂದಾಯ್ತು" ಎನ್ನುತ್ತಿದ್ದಳು. ಪುರಾವೆಗೆ ಅವಳ ತಟ್ಟೆ ಒದ್ದೆಯಾಗಿ ಬೋರಲು ಬಿದ್ದಿರುತ್ತಿತ್ತು. ಒಂದು ದಿನ ನಾನು ಬಾಗಿಲ ಸಂದಿಯಿಂದ ನೋಡಿದೆ. ಒಣಗಿದ ತಟ್ಟೆಗೆ ಒಂದು ಚೆಂಬು ನೀರು ಸುರಿದು, ತೊಳೆದ ಶಾಸ್ತ್ರ ಮಾಡಿ ಬೋರಲು ಹಾಕಿದಳು. ಮೇಲೆ ನಮಗೆ ಉಪದೇಶ ಬೇರೆ: ತಟ್ಟೆಯಲ್ಲಿ ಏನೂ ಬಿಡಬಾರದು, ಪೂರ್ತಿ ಮುಗಿಸಿಯೇ ಏಳಬೇಕು. ನೀನು ಇವತ್ತಿಗೂ ನಂಬಿಕೊಂಡಿದ್ದೀಯೆ, ಅಮ್ಮ ಮೊದಲೇ ಉಣ್ಣುವ ಆತುರಗೇಡಿ ಎಂದು.

ಈ ತಟ್ಟೆಯ ಕಥೆಯನ್ನು ಮೇಡಮ್ಮಿಗೆ ಹೇಳಿದೆ. ಕಣ್ಣು ಒರೆಸಿಕೊಂಡು, ಅಮ್ಮನನ್ನು ಕರೆದುಕೊಂಡು ಬಾ ಎಂದರು. ಕರೆದುಕೊಂಡು ಹೋದೆ. ಅಮ್ಮನ ಗುಂಡು ಮುಖ ನೋಡಿ ಅವರಿಗೆ, ಪಾಪ, ನಿರಾಶೆಯಾಯಿತು. "ಇವ್ರು ಹಸಿದವ್ರ ಥರ ಕಾಣೋದೇ ಇಲ್ವಲ್ರೀ. ಸ್ವಲ್ಪ ಸೊರಗಿದ ಹಾಗಿದ್ದಿದ್ರೆ ಎಷ್ಟು ಚೆನ್ನಾಗಿರೋದು!" ಎಂದರು. ಅಮ್ಮ ನಾಚಿಕೊಂಡು "ಇವಳು ತುಂಬಾ ತಿನ್ನಿಸ್ತಾಳೆ" ಎಂದು ನನ್ನ ಮೇಲೆ ತಪ್ಪು ಹೊರಿಸಿದಳು. ಹೊರಗೆ ಬಂದ ಮೇಲೆ ಮೇಡಂ ನನ್ನ ಕಿವಿಯಲ್ಲಿ, ಈ ಕಾರ್ಯಕ್ರಮ ಗೆದ್ದರೆ ನಿನ್ನ ಕೆಲಸ ಕಾಯಂ ಆದ ಹಾಗೆಯೇ ಎಂದರು.

ಕೊನೆಯ ದಿನ ಬೆಳಿಗ್ಗೆ ಏಳಕ್ಕೆ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಎರಡು ತುಂಡು ಬ್ರೆಡ್ಡು ತಿಂದು ಹೊರಟಳು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಸಭಾಂಗಣದ ಬಾಗಿಲಲ್ಲಿ ಬೆಣ್ಣೆಯಲ್ಲಿ ಕೆತ್ತಿದ ಆಳೆತ್ತರದ ಭೂಗೋಳ ಇಟ್ಟಿದ್ದರು, ಅದಕ್ಕೊಬ್ಬ ಕಾವಲುಗಾರ ಬೇರೆ. ಅಮ್ಮ ಅವನನ್ನು ಕೇಳಿದಳು: "ಇದು ತಿನ್ನೋದಾ, ನೋಡೋದಾ?" ಅವನು "ಕರಗೋದು, ಅಜ್ಜಿ" ಎಂದ.

ಅಮ್ಮನ ಸಾಕ್ಷ್ಯ ಹನ್ನೊಂದಕ್ಕೆ ಇತ್ತು. ಆದರೆ ಅದಕ್ಕೆ ಮುಂಚಿನ ಚರ್ಚೆ ಮುಗಿಯಬೇಕಲ್ಲ. ಕೊನೆಯ ಠರಾವಿನಲ್ಲಿ "ಹಸಿವು" ಎಂದು ಬರೆಯಬೇಕೋ "ಆಹಾರದ ಕೊರತೆ" ಎಂದು ಬರೆಯಬೇಕೋ ಎಂದು ಎರಡು ಗಂಟೆ ಜಟಾಪಟಿ ನಡೆಯಿತು. ಹಸಿವು ಎಂಬ ಪದ ಕೆಲವರಿಗೆ ನೋವುಂಟುಮಾಡುತ್ತದಂತೆ. ಉಪಸಮಿತಿ ಮಾಡಿ ಎದ್ದರು. ಮೂರು ದಿನದಲ್ಲಿ ಹೇಳಿದ ಹೊತ್ತಿಗೆ ಶುರುವಾದದ್ದು ಊಟದ ವಿರಾಮ ಒಂದೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ತಪ್ಪು ಕಂಪ್ಯೂಟರಿನದು. ಪ್ರತಿನಿಧಿ, ಅತಿಥಿ, ಪತ್ರಕರ್ತ, ಇವರಿಗೆಲ್ಲ ಊಟದ ಚೀಟಿ ಬರುತ್ತದೆ. ಸಾಕ್ಷಿಗೂ ಊಟ ಬೇಕಾದೀತು ಎಂದು ಅದಕ್ಕೆ ಹೊಳೆಯಲಿಲ್ಲ. ಅಮ್ಮ ಊಟದ ಕೋಣೆಯ ಬಾಗಿಲಿಗೆ ಹೋಗಿದ್ದಾಳೆ. ಅಲ್ಲಿಯ ಕಾವಲುಗಾರ "ಚೀಟಿ ಎಲ್ಲಜ್ಜಿ?" ಎಂದಿದ್ದಾನೆ. ಒಮ್ಮೆ ಒಳಗೆ ಇಣುಕಿ, "ಸುಮ್ನೆ ನೋಡೋಕೆ ಬಂದೆ ಕಣಪ್ಪ, ನಂದಾಯ್ತು" ಎಂದು ಅಮ್ಮ ವಾಪಸು ಬಂದಿದ್ದಾಳೆ. ಆಮೇಲೆ ಮೇಡಂ ಕೇಳಿದರು, ಊಟ ಆಯ್ತಾ ಎಂದು. ಆಯ್ತು ಎಂದಳು. ದುಭಾಷಿ ಕೇಳಿದ. ಆಯ್ತು. ನಾನೂ ಕೇಳಿದೆ. ಆಯ್ತು. ಊಟ ಆಯ್ತಾ ಎಂದು ಕೇಳುವವರೆಲ್ಲ ಬಡಿಸುವವರಲ್ಲ, ಆಯ್ತು ಎನ್ನುವವರೆಲ್ಲ ಉಂಡವರಲ್ಲ. ಇದರಲ್ಲಿ ಯಾರನ್ನು ದೂರುತ್ತೀಯೆ?

ಮೂರೂವರೆಗೆ ಅವಳನ್ನು ವೇದಿಕೆ ಹತ್ತಿಸಿದರು. ಮುಖ ಬಿಳುಚಿಕೊಂಡಿತ್ತು. ಮೇಡಂ ನನ್ನ ಕಡೆ ತಿರುಗಿ "ಎಷ್ಟು ಸಹಜವಾಗಿದೆ!" ಎಂದರು. ಅಮ್ಮ ಮೈಕು ಹಿಡಿದು ಒಂಬೈನೂರು ಜನರನ್ನು ನೋಡಿದಳು. ನಾವು ಹೇಳಿಕೊಟ್ಟ ಮಾತು ಒಂದೂ ನೆನಪಾಗಲಿಲ್ಲವೆಂದು ಕಾಣುತ್ತದೆ. "ಎಲ್ರದೂ ಊಟ ಆಯ್ತಾ?" ಎಂದಳು. ಆರು ಭಾಷೆಗೆ ಅನುವಾದವಾಯಿತು. ಜನ ಗಂಭೀರವಾಗಿ ತಲೆಯಾಡಿಸಿದರು, ಕೆಲವರು ಬರೆದುಕೊಂಡರು. ಅಮ್ಮ ಅಲ್ಲೇ ಕುಸಿದಳು.

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹಸಿವನ್ನು ಅಭಿನಯಿಸಿ ತೋರಿಸಿದಳು ಎಂದುಕೊಂಡರು. ಮುಂದಿನ ಸಾಲಿನ ಒಬ್ಬರು ಅತ್ತರು. ವೇದಿಕೆಯ ಅಂಚಿಗೆ ಹಣೆ ತಗುಲಿ ರಕ್ತ ಬರುತ್ತಿದ್ದದ್ದು ಕಂಡದ್ದು ನೆಲ ಒರೆಸುವ ಹೆಂಗಸಿಗೆ ಮಾತ್ರ. ಅವಳೇ ಓಡಿ ಬಂದು, ತನ್ನ ಚಹಾದ ಸಕ್ಕರೆಯನ್ನೆಲ್ಲ ನೀರಿಗೆ ಕಲಸಿ ತುಟಿಗೆ ಹಚ್ಚಿದವಳು. ನಾನೂ ಚಪ್ಪಾಳೆ ಹೊಡೆದೆನೇ ಎಂದು ಕೇಳಬೇಡ. ಎಲ್ಲರೂ ಹೊಡೆಯುವಾಗ ಕೈ ತಾನಾಗಿ ಕೂಡುತ್ತದೆ.

ಹಣೆಗೆ ಏಳು ಹೊಲಿಗೆ, ಎಡಗೈಗೆ ಪಟ್ಟಿ. ಸಕ್ಕರೆ ಅಷ್ಟು ಇಳಿದಾಗ ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಬೈದರು. ನನಗೆ ಕಾಯಂ ಆದೇಶ ನಿನ್ನೆ ಬಂತು. ಮುಂದಿನ ಸಮ್ಮೇಳನಕ್ಕೂ "ನಿಮ್ಮ ತಾಯಿಯವರೇ ಬೇಕು, ಅದೇ ಥರ" ಎಂದು ಮೇಡಂ ಹೂಗುಚ್ಛ ಕಳಿಸಿದ್ದಾರೆ. ಆಗಲಿ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ನಿನಗೆ ಕೈ ಮುಗಿಯುತ್ತೇನೆ, ಅಮ್ಮನನ್ನು ಕರೆದುಕೊಂಡು ಹೋಗಬೇಡ. ಈಗ ಸಂಬಳ ನೆಟ್ಟಗಾಗುತ್ತದೆ, ಚೆನ್ನಾಗಿ ನೋಡಿಕೊಳ್ಳುತ್ತೇನೆ. ಒಂದೇ ಕೊರಗು. ನರ್ಸು ಕೊಟ್ಟರೆ ಬಾಯಿ ತೆರೆಯುತ್ತಾಳೆ, ಪಕ್ಕದ ಮಂಚದವಳು ಬಿಸ್ಕತ್ತು ಕೊಟ್ಟರೂ ತಿನ್ನುತ್ತಾಳೆ. ನಾನು ಚಮಚ ಹಿಡಿದು ಹೋದರೆ ಸಾಕು, ಗೋಡೆಯ ಕಡೆ ತಿರುಗಿ "ನಂದಾಯ್ತು" ಎನ್ನುತ್ತಾಳೆ. ವಯಸ್ಸಾಯಿತಲ್ಲ, ಹಳೆಯ ಅಭ್ಯಾಸ.

ನಿನ್ನ ಖಾರ ಎಷ್ಟಿದ್ದರೂ ನುಂಗಿಕೊಳ್ಳುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕಂಪ್ಯೂಟರಿನ ತಪ್ಪಲ್ಲ. ಅಮ್ಮನ ಚೀಟಿಗೆ ಊಟದ ತುಂಡು ಇತ್ತು. ಹರಿದುಕೊಂಡವಳು ನಾನು. ಯಾರೂ ಹೇಳಿರಲಿಲ್ಲ, ಮೇಡಂ ಕೂಡ. ಸ್ವಲ್ಪ ಸೊರಗಿ ಕಾಣಲಿ, ಭಾಷಣ ಮುಗಿದ ತಕ್ಷಣ ತಿನ್ನಿಸಿದರಾಯಿತು ಎಂದುಕೊಂಡೆ. ಚೀಟಿ ದಂಡವಾಗಬಾರದೆಂದು ಒಳಗೆ ಹೋಗಿ ನಾನೇ ಉಂಡೆ. ಊಟದ ಕೋಣೆಯ ಬಾಗಿಲು ಗಾಜಿನದು. ತಲೆ ಎತ್ತಿದಾಗ ಅಮ್ಮ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಕಾವಲುಗಾರನಿಗೆ "ನಂದಾಯ್ತು" ಎಂದದ್ದು ಆಮೇಲೆ. ನಾನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿಯೇ ಎದ್ದೆ. ಬಿಡಬಾರದೆಂದು ಕಲಿಸಿದವಳು ಅವಳೇ.